ಗಾಳಿಗೆ ಕಾದ ಊರುಗಳು

ಟರ್ಕಿಯ ನೈರುತ್ಯ ಕರಾವಳಿಯ ಬೋದ್ರುಮ್ ಈಗ ಸಿರಿವಂತರು ಬೇಸಿಗೆ ಕಳೆಯುವ ಊರು. ನೂರು ವರ್ಷದ ಹಿಂದೆ ಅದು ಸರ್ಕಾರ ತನಗೆ ಬೇಡವಾದವರನ್ನು ಅಟ್ಟುತ್ತಿದ್ದ ಜಾಗ. 1925ರಲ್ಲಿ ಹಾಗೆ ಅಟ್ಟಿಸಿಕೊಂಡು ಬಂದವನು ಜೆವಾತ್ ಶಾಕಿರ್. ಪಾಶಾ ಮನೆತನದವನು, ಆಕ್ಸ್‌ಫರ್ಡಿನಲ್ಲಿ ಇತಿಹಾಸ ಓದಿದವನು. ಸೈನ್ಯ ಬಿಟ್ಟು ಓಡಿದವರನ್ನು ವಿಚಾರಣೆಯಿಲ್ಲದೆ ಕೊಂದದ್ದರ ಬಗ್ಗೆ ಪತ್ರಿಕೆಯಲ್ಲಿ ಬರೆದದ್ದು ಅವನ ಅಪರಾಧ. ಶಿಕ್ಷೆಯ ಅರ್ಧ ಅವಧಿ ಮುಗಿದ ಮೇಲೆ ಉಳಿದದ್ದನ್ನು ಇಸ್ತಾಂಬುಲಿನಲ್ಲೇ ಕಳೆಯಲು ಅಪ್ಪಣೆಯಾಯಿತು. ಅದನ್ನು ಕಳೆದವನು ಯಾರೂ ಕರೆಯದಿದ್ದರೂ ಬೋದ್ರುಮ್‌ಗೇ ವಾಪಸು ಬಂದ. ಸ್ಪಂಜು ತೆಗೆಯುವವರ ಜೊತೆ ಸಮುದ್ರಕ್ಕೆ ಹೋಗುವುದು, ಊರಿನಲ್ಲಿ ಗಿಡ ನೆಡುವುದು, ಕಥೆ ಬರೆಯುವುದು. ಊರಿನ ಪ್ರಾಚೀನ ಹೆಸರನ್ನೇ ಸೇರಿಸಿ 'ಹಾಲಿಕಾರ್ನಾಸಿನ ಮೀನುಗಾರ' ಎಂದು ಕಾವ್ಯನಾಮ ಇಟ್ಟುಕೊಂಡ.

1940ರ ದಶಕದಿಂದ ಈತ ಇಸ್ತಾಂಬುಲಿನ ಗೆಳೆಯರನ್ನು ಕರೆಸಿ ಸ್ಪಂಜಿನ ದೋಣಿಗೆ ಹತ್ತಿಸತೊಡಗಿದ. ವಿಮರ್ಶಕ ಸಬಾಹತ್ತಿನ್ ಎಯೂಬೋಗ್ಲು ಬಂದ. ಮುಂದೆ 'ಇಲಿಯಡ್' ಅನ್ನು ಟರ್ಕಿಶ್ ಭಾಷೆಗೆ ತಂದವರಲ್ಲಿ ಒಬ್ಬಳಾದ ಆಜ್ರಾ ಎರ್ಹಾತ್ ಬಂದಳು. ಬುತ್ತಿಗೆ ಚೀಸ್, ಒಣರೊಟ್ಟಿ, ನೀರು, ಹೊಗೆಸೊಪ್ಪು, ರಾಕಿ ಇಷ್ಟೇ ಇರುತ್ತಿತ್ತಂತೆ. ಆ ಕರಾವಳಿಯ ಹಾಳೂರುಗಳಿಗೆ ಆಗ ಸರಿಯಾದ ರಸ್ತೆಯೇ ಇರಲಿಲ್ಲವಾದ್ದರಿಂದ ದೋಣಿ ಬಿಟ್ಟು ಬೇರೆ ದಾರಿಯೂ ಇರಲಿಲ್ಲ. ಈ ಅಲೆದಾಟಕ್ಕೆ ಅವರು 'ನೀಲಿ ಯಾನ' ಎಂದು ಹೆಸರಿಟ್ಟರು. ಅದೇ ಹೆಸರಿನಲ್ಲಿ ಆಜ್ರಾ 1962ರಲ್ಲಿ ಪುಸ್ತಕ ಬರೆದಳು. ಇವತ್ತು ಆ ಹೆಸರು ಟ್ರಾವೆಲ್ ಏಜೆನ್ಸಿಗಳ ಫಲಕದಲ್ಲಿದೆ.

ಹಳೆಯ ಹಾಸ್ಟೆಲ್ ಗೆಳೆಯರು, ಕೆಲವರ ಹೆಂಡತಿಯರು ಸೇರಿ ನಾವು ಬಾಡಿಗೆಗೆ ಹಿಡಿದದ್ದೂ ಅಂಥದೇ ಒಂದು ಗುಲೆಟ್. ಮರದ ಹಡಗು, ಎರಡು ಹಾಯಿಕಂಬ. ಹಾಯಿ ಬಿಚ್ಚಿದ್ದು ಹೆಚ್ಚಾಗಿ ಫೋಟೋಗಾಗಿ. ಉಳಿದಂತೆ ಡೀಸೆಲ್ ಎಂಜಿನ್ನಿನ ಗುಡುಗುಡು. ಅಡುಗೆಯವನು ಆಲಿವ್ ಎಣ್ಣೆಯಲ್ಲಿ ಬದನೆ, ಹುರುಳಿಕಾಯಿ ಬೇಯಿಸಿ ತಣ್ಣಗೆ ಬಡಿಸುತ್ತಿದ್ದ. ನಮ್ಮ ಸಸ್ಯಾಹಾರಿಗಳು ಮೊದಲು ಮುಖ ಕಿವಿಚಿ, ಆಮೇಲೆ ಚಟ್ನಿಪುಡಿ ಉದುರಿಸಿಕೊಂಡು ತಟ್ಟೆ ಖಾಲಿ ಮಾಡಿದರು. ನಮ್ಮಲ್ಲಿ ಮೇಷ್ಟ್ರಾಗಿದ್ದವನೊಬ್ಬನಿದ್ದಾನೆಂದು ತಿಳಿದದ್ದೇ ತಡ, ಕಪ್ತಾನ ಎಲ್ಲರನ್ನೂ 'ಹೋಜಾ' ಎಂದು ಕರೆಯತೊಡಗಿದ. ಅಲ್ಲಿ ಗುರುಗಳಿಗೆ ಹಾಗೆನ್ನುತ್ತಾರೆ. ತುಂಗಭದ್ರಾ ಜಲಾಶಯದ ಹೂಳು ಅಳೆಯುತ್ತ ನೌಕರಿ ಮುಗಿಸಿದ ನಮ್ಮ ಎಂಜಿನಿಯರನಿಗೆ ಈ ಪದವಿ ಬಹಳ ಹಿಡಿಸಿತು.

ದೊಡ್ಡ ಕ್ರೂಸ್ ಹಡಗುಗಳ ಮೇಲೆ ನನಗೆ ಹಗೆಯೇನಿಲ್ಲ. ಮೊಣಕಾಲು ನೋವಿರುವವರಿಗೆ ಅದೇ ಸುಖ. ಆದರೆ ಆ ಹಡಗುಗಳು ಕುಶಾದಾಸಿಯಲ್ಲಿ ಬೆಳಿಗ್ಗೆ ಸಾವಿರಾರು ಜನರನ್ನು ಇಳಿಸಿ, ಬಸ್ಸಿನಲ್ಲಿ ಎಫೆಸಸ್ಸಿಗೆ ಒಯ್ದು, ಸಂಜೆಗೆ ಮತ್ತೆ ತುಂಬಿಕೊಂಡು ಹೊರಡುತ್ತವೆ. ಅಲ್ಲಿನ ಸೆಲ್ಸಸ್ ಗ್ರಂಥಾಲಯದ ಮುಂದೆ ನಿಂತವರಿಗೆ ತಾವು ಒಂದು ಬಂದರಿನಲ್ಲಿದ್ದೇವೆ ಎಂಬ ಅನುಮಾನವೂ ಬರಲಾರದು, ಏಕೆಂದರೆ ಸಮುದ್ರ ಐದಾರು ಕಿಲೋಮೀಟರ್ ಆಚೆಗೆ ಸರಿದಿದೆ. ನದಿ ತಂದ ಹೂಳಿನ ಕೆಲಸ ಅದು. ಇದರಲ್ಲಿ ಮನುಷ್ಯನ ಪಾಲೂ ಇದೆ ಎಂದು ಭೂಗೋಳಕಾರ ಸ್ಟ್ರಾಬೋ ಬರೆದಿಟ್ಟಿದ್ದಾನೆ. ಕ್ರಿ.ಪೂ. 2ನೇ ಶತಮಾನದಲ್ಲಿ ಪೆರ್ಗಮಾನ್ ದೊರೆ ಎರಡನೇ ಅಟ್ಟಾಲಸ್‌ಗೆ ದೊಡ್ಡ ಹಡಗುಗಳು ಒಳಗೆ ಬರಬೇಕೆಂಬ ಆಸೆ. ಬಂದರಿನ ಬಾಯಿ ಕಿರಿದಾದರೆ ನೀರು ಆಳವಾಗುತ್ತದೆಂದು ನಂಬಿ ಅಡ್ಡಗೋಡೆ ಕಟ್ಟಿಸಿದ. ಅಲ್ಲಿಯವರೆಗೆ ಸಮುದ್ರದ ಏರಿಳಿತ ಹೂಳನ್ನು ಎಳೆದೊಯ್ಯುತ್ತಿತ್ತು. ಗೋಡೆ ಬಂದ ಮೇಲೆ ಹೂಳು ಒಳಗೇ ಕೂತು ಬಂದರಿನ ಆಳ ಇನ್ನಷ್ಟು ಕಡಿಮೆಯಾಯಿತು. ಇದನ್ನು ಓದಿ ಹೇಳಿದಾಗ ನಮ್ಮ ಎಂಜಿನಿಯರ್ ಹೋಜಾ ಚಹಾದ ಲೋಟ ಕೆಳಗಿಟ್ಟ. "ಲೋ, ಎರಡು ಸಾವಿರ ವರ್ಷದಿಂದ ಇದೇ ಎಸ್ಟಿಮೇಟು ಪಾಸಾಗ್ತಾ ಇದೆ ಕಣೋ" ಎಂದ.

ಬೋದ್ರುಮ್‌ನಲ್ಲಿ ಎಲ್ಲರೂ ಮೊದಲು ಕೇಳುವುದು ಮಾಸೊಲಸ್ ದೊರೆಯ ಸಮಾಧಿಯನ್ನು, ಏಳು ಅದ್ಭುತಗಳಲ್ಲಿ ಒಂದನ್ನು. ಉಳಿದಿರುವುದು ಒಂದು ಹಳ್ಳ, ಒಂದಿಷ್ಟು ಕಂಬದ ತುಂಡು. ಕಲ್ಲುಗಳನ್ನು ಸೇಂಟ್ ಜಾನ್ ಪಂಥದ ಯೋಧರು 15ನೇ ಶತಮಾನದಿಂದ ಕಿತ್ತು ಬಂದರಿನ ಕೋಟೆಗೆ ಬಳಸಿದರು. ಮಿಕ್ಕ ಶಿಲ್ಪಗಳನ್ನು 1850ರ ದಶಕದಲ್ಲಿ ಚಾರ್ಲ್ಸ್ ನ್ಯೂಟನ್ ಅಗೆಸಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಸಾಗಿಸಿದ. ನಮ್ಮ ಮೀನುಗಾರ ಲೇಖಕ ಆ ಮ್ಯೂಸಿಯಮ್ಮಿಗೆ ಪತ್ರ ಬರೆದು, ಈ ಶಿಲ್ಪಗಳು ಬೋದ್ರುಮ್‌ನ ನೀಲಿ ಆಕಾಶದ ಕೆಳಗೆ ಇರಬೇಕಾದವು ಎಂದನಂತೆ. ಸಲಹೆಗೆ ವಂದನೆ, ಕೋಣೆಗೆ ನೀಲಿ ಬಣ್ಣ ಹೊಡೆಸಿದ್ದೇವೆ ಎಂದು ಉತ್ತರ ಬಂತಂತೆ. ಊರವರು ಹೇಳುವ ಕಥೆ. ನಿಜವೋ ಸುಳ್ಳೋ, ಹೇಳುವವರ ಮುಖದ ಕಹಿ ನಿಜ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕೋಟೆಯೊಳಗಿನ ಜಲಾಂತರ್ಗತ ಪುರಾತತ್ವ ಸಂಗ್ರಹಾಲಯ. 1982ರಲ್ಲಿ ಕಾಶ್ ಊರಿನ ಹತ್ತಿರ ಉಲುಬುರುನ್ ಭೂಶಿರದ ಬಳಿ ಸ್ಪಂಜಿಗೆಂದು ಮುಳುಗಿದ್ದವನೊಬ್ಬ, ತಳದಲ್ಲಿ ಕಿವಿಗಳಿರುವ ಲೋಹದ ಬಿಸ್ಕತ್ತು ಕಂಡೆ ಎಂದ. ಅವು ತಾಮ್ರದ ಗಟ್ಟಿಗಳು. ಹೊತ್ತು ಒಯ್ಯಲು ಸುಲಭವಾಗಲೆಂದು ನಾಲ್ಕು ಮೂಲೆಗೂ ಹಿಡಿ ಇಟ್ಟು ಎರಕ ಹೊಯ್ದಂಥವು. ಕ್ರಿ.ಪೂ. 14ನೇ ಶತಮಾನದ ಕೊನೆಯ ಹೊತ್ತಿಗೆ ಮುಳುಗಿದ ಹಡಗು. 1984ರಿಂದ 1994ರವರೆಗೆ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಬಾರಿ ಮುಳುಗಿ ಅದರ ಸಾಮಾನನ್ನು ಮೇಲೆ ತಂದರು: ಹತ್ತು ಟನ್ ತಾಮ್ರ, ಒಂದು ಟನ್ ತವರ, ಕಡುನೀಲಿ ಗಾಜಿನ ಗಟ್ಟಿಗಳು, ನೀರಾನೆಯ ಹಲ್ಲು, ಈಜಿಪ್ಟಿನ ರಾಣಿ ನೆಫರ್‌ಟಿಟಿಯ ಹೆಸರಿರುವ ಚಿನ್ನದ ಮುದ್ರೆ. ತಾಮ್ರ-ತವರದ ಆ ಲೆಕ್ಕ ಕಂಚು ಎರೆಯುವ ಹದಕ್ಕೆ ಸರಿಯಾಗಿದೆ. ಮೇಣ ಹಚ್ಚಿ ಬರೆಯುವ, ದಂತದ ಕೀಲಿರುವ ಪುಟ್ಟ ಮರದ ಹಲಗೆಯೂ ಸಿಕ್ಕಿತು. ಲೆಕ್ಕ ಬರೆಯಲು ಇಟ್ಟದ್ದಿರಬಹುದು. ಒಂದು ಇಲಿಯ ದವಡೆಯೂ ಸಿಕ್ಕಿದೆ, ಟಿಕೆಟ್ಟಿಲ್ಲದ ಪ್ರಯಾಣಿಕನದು.

ಇಷ್ಟನ್ನೆಲ್ಲ ಹೊತ್ತ ಹಡಗಿನ ಉದ್ದ ಸುಮಾರು ಹದಿನೈದು ಮೀಟರ್. ನಾವು ಮಲಗುತ್ತಿದ್ದ ಗುಲೆಟ್ ಅದಕ್ಕಿಂತ ಉದ್ದ! ಪುಸ್ತಕದಲ್ಲಿ ಪ್ರಾಚೀನ ಸಮುದ್ರ ವ್ಯಾಪಾರ ಎಂದು ಓದುವಾಗ ಮನಸ್ಸು ತಾನಾಗಿಯೇ ದೊಡ್ಡ ಹಡಗುಗಳನ್ನು ಕಲ್ಪಿಸಿಕೊಳ್ಳುತ್ತದೆ. ಆ ಕಾಲದ ವ್ಯಾಪಾರಿ ಹಡಗು ಹೆಚ್ಚಾಗಿ ಇಷ್ಟೇ. ದಡದ ಗುರುತು ಹಿಡಿದು, ಒಂದು ಭೂಶಿರದಿಂದ ಇನ್ನೊಂದಕ್ಕೆ ಹಾಯ್ದು, ಗಾಳಿ ತಿರುಗಿದರೆ ಹತ್ತಿರದ ಕೊಲ್ಲಿಗೆ ನುಗ್ಗಿ ಲಂಗರು ಹಾಕಿ ಕಾಯುವ ಬದುಕು. ಹಾಗೆ ಕಾಯಬೇಕಾಗಿ ಬಂದ ಜಾಗಗಳಲ್ಲೇ ಈ ಕರಾವಳಿಯ ಎಷ್ಟೋ ಊರುಗಳು ಬೆಳೆದವು ಎಂಬುದು ನನ್ನ ಗ್ರಹಿಕೆ. ದೊರೆಗಳ ಹೆಸರು ಕಲ್ಲಿನ ಮೇಲಿದೆ, ಗಾಳಿಯ ಹೆಸರಿಲ್ಲ, ಅಷ್ಟೆ.

ಬೋದ್ರುಮ್ ಬಿಟ್ಟರೆ ಎದುರಿಗೇ ಗ್ರೀಸಿನ ಕೋಸ್ ದ್ವೀಪ. ಹಿಪೊಕ್ರೆಟಿಸನ ಊರೆಂದು ಅದಕ್ಕೆ ಹೆಸರು; ಹಳೆಯ ಕಾಲದಲ್ಲಿ ಸಮುದ್ರದ ನೀರು ಬೆರೆಸಿದ ದ್ರಾಕ್ಷಾರಸಕ್ಕೂ ಹೆಸರಾಗಿತ್ತು. ಆ ರಸ ತುಂಬುತ್ತಿದ್ದ ಜೋಡುಹಿಡಿಯ ಜಾಡಿಗಳ ಚೂರು ನಮ್ಮ ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ಸಿಕ್ಕಿವೆ. 1945ರಲ್ಲಿ ಅಲ್ಲಿ ಅಗೆಸಿದ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಿಗೆ ಬಂದ. ಅರಿಕಮೇಡುವಿನಲ್ಲಿ ರೋಮನ್ ಸಾಮಾನಿನ ಜೊತೆ ಕಂಡ ಬಗೆಯ ಮಡಕೆ ಬ್ರಹ್ಮಗಿರಿಯಲ್ಲೂ ಕಂಡಿತು, ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿತು. ನಮ್ಮ ಬಯಲುಸೀಮೆಯ ಮಣ್ಣಿನ ಪದರಗಳಿಗೆ ಅವನು ಕಾಲ ಕೂಡಿಸಿದ್ದು ಇವುಗಳ ಬಲದಿಂದ. ಚಳ್ಳಕೆರೆಯ ಕಡೆಯವನಾದ ನಮ್ಮ ಮೇಷ್ಟ್ರು ಕೋಸ್ ಕಣ್ಮರೆಯಾಗುವವರೆಗೂ ಈ ವಿಷಯ ಬಿಡಲಿಲ್ಲ.

ಕ್ನಿಡಸ್ ಇರುವುದು ದಾಚಾ ಪರ್ಯಾಯ ದ್ವೀಪದ ಕಟ್ಟಕಡೆಯ ಮೂಗಿನಲ್ಲಿ. ಕಪ್ತಾನ ಮೂಗನ್ನು ಸುತ್ತಿದವನೇ ಮುಂದೆ ಹೋಗದೆ ದಕ್ಷಿಣದ ಹಳೆಯ ಬಂದರಿನಲ್ಲೇ ಲಂಗರು ಹಾಕಿದ. ಮಧ್ಯಾಹ್ನವಾಗಿತ್ತು, ಮೆಲ್ತೆಮ್ ಬೀಸುತ್ತಿತ್ತು. ಬೇಸಿಗೆಯಲ್ಲಿ ವಾಯವ್ಯದಿಂದ ಬರುವ ಈ ಗಾಳಿಗೆ ಆಕಾಶದಲ್ಲಿ ಒಂದು ಮೋಡದ ಸುಳಿವೂ ಇರುವುದಿಲ್ಲ. ನೀರಿನ ಮೇಲೆ ಮಾತ್ರ ಬಿಳಿ ನೊರೆ ಏಳುತ್ತದೆ. ನಾವು ಇಳಿದಾಗ ನೀರಿನ ಅಂಚಿಗೇ ರಂಗಮಂದಿರ, ಅದರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಗುಡ್ಡ ಹತ್ತಿದ ಊರು. ಎದುರಿನ ದ್ವೀಪವನ್ನು ನೆಲಕ್ಕೆ ಕಟ್ಟೆ ಹಾಕಿ ಸೇರಿಸಿದ್ದಾರೆ. ಅದರಿಂದ ಎರಡು ಬಂದರು ಹುಟ್ಟಿದವು: ಉತ್ತರದ್ದು ಯುದ್ಧದ ಹಡಗುಗಳಿಗೆ, ದಕ್ಷಿಣದ್ದು ವ್ಯಾಪಾರಕ್ಕೆ.

ಈ ಊರು ಮೊದಲು ಇಲ್ಲಿರಲಿಲ್ಲ, ಪರ್ಯಾಯ ದ್ವೀಪದ ನಡುವಿನಲ್ಲಿತ್ತು, ಕ್ರಿ.ಪೂ. 4ನೇ ಶತಮಾನದಲ್ಲಿ ತುದಿಗೆ ಬಂತು ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಬಂದದ್ದೇಕೆ ಎಂಬುದು ಅಲ್ಲಿ ಒಂದು ಮಧ್ಯಾಹ್ನ ಕೂತರೆ ಗೊತ್ತಾಗುತ್ತದೆ. ಏಜಿಯನ್ ಸಮುದ್ರಕ್ಕೆ ತಿರುಗಬೇಕಾದ ಹಡಗುಗಳು ಈ ಮೂಗಿನ ಹತ್ತಿರ ಗಾಳಿ ಇಳಿಯುವವರೆಗೆ ನಿಲ್ಲಲೇಬೇಕು. ನಿಂತವರಿಗೆ ನೀರು, ರೊಟ್ಟಿ, ಮದ್ಯ, ದೇವರು ಎಲ್ಲ ಬೇಕು. ಶಿರಾಡಿ ಘಾಟಿ ಬಂದ್ ಆದಾಗ ಸಕಲೇಶಪುರದ ಹೋಟೆಲುಗಳಿಗೆ ಬರುವ ಸುಗ್ಗಿ ಇಲ್ಲಿ ಪ್ರತಿ ಬೇಸಿಗೆಯೂ ಬರುತ್ತಿತ್ತು. ಬೈಬಲಿನ ಅಪೊಸ್ತಲರ ಕೃತ್ಯಗಳ 27ನೇ ಅಧ್ಯಾಯದಲ್ಲಿ ಕೈದಿಯಾಗಿ ರೋಮಿಗೆ ಹೊರಟ ಪೌಲನ ಪ್ರಯಾಣವಿದೆ. ಇದೇ ಕರಾವಳಿಯ ಮೈರಾದಲ್ಲಿ ಅವನನ್ನು ಅಲೆಕ್ಸಾಂಡ್ರಿಯದ ಹಡಗಿಗೆ ಹತ್ತಿಸುತ್ತಾರೆ. ಹಡಗು ಬಹಳ ದಿನ ತೆವಳಿ ಕ್ನಿಡಸ್‌ನ ಎದುರಿಗೆ ಬರುತ್ತದೆ. ಗಾಳಿ ಮುಂದೆ ಬಿಡುವುದಿಲ್ಲ. ಕ್ರೀಟ್ ದ್ವೀಪದ ಮರೆಗೆ ತಿರುಗಿ, ಕೊನೆಗೆ ಮಾಲ್ಟಾದಲ್ಲಿ ಒಡೆಯುತ್ತದೆ. ಈಜಿಪ್ಟಿನ ಗೋಧಿ ರೋಮಿಗೆ ಹೋಗಬೇಕಾದರೆ ಇದೇ ಗಾಳಿಗೆ ಎದುರಾಗಿ ಹೋಗಬೇಕಿತ್ತು. ಎಷ್ಟೋ ಹಡಗು ಉತ್ತರಕ್ಕೆ ಬಂದು ಈ ದಡ ಹಿಡಿದು ಕುಂಟುತ್ತ ಸಾಗುತ್ತಿದ್ದವು. ಮೈರಾದ ಬಂದರಿನಲ್ಲೂ ಪಟಾರಾದಲ್ಲೂ ಹೇಡ್ರಿಯನ್ ಚಕ್ರವರ್ತಿ ಕಟ್ಟಿಸಿದ ಭಾರಿ ಕಣಜಗಳಿವೆ.

ಕಾಯುವವರಿಂದ ಬಂದ ಹಣದಲ್ಲಿ ಕ್ನಿಡಸ್ ಏನು ಮಾಡಿತು ಎಂಬುದು ಇನ್ನೂ ಸೊಗಸು. ಶಿಲ್ಪಿ ಪ್ರಾಕ್ಸಿಟಲೀಸ್ ಪ್ರೇಮದೇವತೆ ಅಫ್ರೊಡೈಟಿಯ ಎರಡು ವಿಗ್ರಹ ಮಾಡಿದ್ದ, ಒಂದಕ್ಕೆ ಬಟ್ಟೆಯಿತ್ತು, ಇನ್ನೊಂದಕ್ಕಿರಲಿಲ್ಲ. ಕೋಸಿನವರು ಮರ್ಯಾದಸ್ಥರು, ಬಟ್ಟೆಯುಟ್ಟದ್ದನ್ನು ಆರಿಸಿಕೊಂಡರು. ಉಳಿದದ್ದನ್ನು ಕ್ನಿಡಸ್ ತೆಗೆದುಕೊಂಡಿತು. ಅದನ್ನು ನೋಡಲೆಂದೇ ಜನ ಹಡಗು ಹತ್ತಿ ಬರುತ್ತಿದ್ದರೆಂದು ಪ್ಲಿನಿ ಬರೆಯುತ್ತಾನೆ. ಬಿಥಿನಿಯದ ದೊರೆ ನಿಕೊಮಿಡಿಸ್, ವಿಗ್ರಹ ಕೊಡಿ, ನಿಮ್ಮ ಊರಿನ ಸಾಲವನ್ನೆಲ್ಲ ತೀರಿಸುತ್ತೇನೆ ಎಂದ. ಸಾಲ ದೊಡ್ಡದಿತ್ತು. ಊರವರು ಒಪ್ಪಲಿಲ್ಲ. ನಮ್ಮ ಗುಂಪಿನಲ್ಲಿ ಬ್ಯಾಂಕಿನಿಂದ ನಿವೃತ್ತನಾದವನು ಇದು ಭಾವುಕತೆಯಲ್ಲ, ಪಕ್ಕಾ ಲೆಕ್ಕ ಎಂದು ವಾದಿಸಿದ: ಸಾಲ ಒಂದು ಸಲ ತೀರುತ್ತದೆ, ಯಾತ್ರಿಕರು ವರ್ಷವರ್ಷ ಬರುತ್ತಾರೆ. ಅವನ ಹೆಂಡತಿ ಒಪ್ಪಲಿಲ್ಲ. "ಎಲ್ಲಾನೂ ಬಡ್ಡಿ ಲೆಕ್ಕದಲ್ಲೇ ನೋಡ್ತೀರಲ್ಲ, ಅವರಿಗೆ ಅವಳು ಅಮ್ಮ ರೀ" ಎಂದರು. ಆ ವಿಗ್ರಹ ಮುಂದೆ ಕಾನ್‌ಸ್ಟಾಂಟಿನೋಪಲ್ಲಿಗೆ ಹೋಗಿ ಅಲ್ಲಿ ಬೆಂಕಿಗೆ ಸಿಕ್ಕಿತೆಂದು ಹೇಳುತ್ತಾರೆ. ಇಲ್ಲಿ ಈಗಿರುವುದು ಒಂದು ದುಂಡು ಅಡಿಪಾಯ. ಅದು ಅವಳ ಗುಡಿಯದೇ ಎಂಬುದರ ಬಗ್ಗೆಯೂ ತಕರಾರಿದೆ. ಕ್ನಿಡಸ್‌ನ ಕಲ್ಲಿನ ಸಿಂಹವನ್ನೂ ಕೂತ ಭಂಗಿಯ ದಿಮಿತರ್ ದೇವಿಯನ್ನೂ ಅದೇ ನ್ಯೂಟನ್ ಲಂಡನ್ನಿಗೆ ಒಯ್ದ.

ಮರುದಿನ ಬೆಳಿಗ್ಗೆ ಗಾಳಿ ಬಿದ್ದಿತ್ತು. ಅಷ್ಟು ಹೊತ್ತು ಕೂತು ಮಾತಾಡಲು ಸಿಕ್ಕಿದ್ದು ಗಾಳಿಯ ದಯೆಯಿಂದ ಎಂದೇ ನನ್ನ ಲೆಕ್ಕ. ಇಷ್ಟು ವರ್ಷದ ಸ್ನೇಹದಲ್ಲಿ ಯಾರೂ ಎದ್ದುಹೋಗಲಾಗದ ಜಾಗದಲ್ಲಿ ನಾವು ಜಗಳವಾಡಿರಲಿಲ್ಲ.

ಮರ್ಮರಿಸ್, ಫೆತಿಯೆ ಕೊಲ್ಲಿಗಳು ಈಜಲು ಚೆನ್ನ, ಬರೆಯಲು ಏನಿಲ್ಲ. ಪಟಾರಾ ಹಾಗಲ್ಲ. ಪಟಾರಾ ಸೇರಿದ್ದ ಪ್ರಾಚೀನ ಲಿಸಿಯಾ ನಾಡಿನ ಇಪ್ಪತ್ಮೂರು ಊರುಗಳು ಕೂಡಿ ಒಂದು ಒಕ್ಕೂಟ ನಡೆಸುತ್ತಿದ್ದವೆಂದು ಸ್ಟ್ರಾಬೋ ವಿವರಿಸುತ್ತಾನೆ. ದೊಡ್ಡ ಊರಿಗೆ ಮೂರು ಮತ, ನಡುವಿನದಕ್ಕೆ ಎರಡು, ಸಣ್ಣದಕ್ಕೆ ಒಂದು. ತೆರಿಗೆಯೂ ಅದೇ ಪ್ರಮಾಣದಲ್ಲಿ. ಮಾಂಟೆಸ್ಕ್ಯೂ 1748ರಲ್ಲಿ ಇದನ್ನು ಒಕ್ಕೂಟಗಳಿಗೆ ಮಾದರಿ ಎಂದ. ಅಮೆರಿಕದ ಸಂವಿಧಾನದ ಚರ್ಚೆಯಲ್ಲಿ 1787ರಲ್ಲಿ ಹ್ಯಾಮಿಲ್ಟನ್ ಅದನ್ನೇ ಎತ್ತಿಕೊಂಡ. ಆ ಒಕ್ಕೂಟದ ಸಭೆ ಸೇರುತ್ತಿದ್ದ ಇಲ್ಲಿನ ಅರ್ಧಚಂದ್ರಾಕಾರದ ಸಭಾಮಂದಿರವನ್ನು ಮರಳಿನಿಂದ ಬಿಡಿಸಿ ನಿಲ್ಲಿಸಿದ್ದಾರೆ. ನೀರೋನ ಕಾಲದ ದೀಪಸ್ತಂಭವೂ ಇದೆ, ಕ್ರಿ.ಶ. 64ರದು. ಆದರೆ ಬಂದರು ಇದ್ದ ಕಡೆ ಈಗ ಜೊಂಡು ಬೆಳೆದ ಜೌಗು, ಮುಂದೆ ಕಡಲಾಮೆಗಳು ಮೊಟ್ಟೆಯಿಡುವ ಉದ್ದನೆಯ ಮರಳದಂಡೆ. ಹಡಗಿನಲ್ಲಿ ಬಂದವರು ಹಡಗಿನಿಂದಲೇ ಇಳಿಯಲಾರರು. ನಾವು ಕಾಲ್ಕಾನ್ ಬಂದರಿನಲ್ಲಿ ಗುಲೆಟ್ ಬಿಟ್ಟು ಮಿನಿಬಸ್ ಹಿಡಿದೆವು. ಕಪ್ತಾನನನ್ನೂ ಕರೆದೆವು. ಚಿಕ್ಕಂದಿನಿಂದ ಈ ದಡದಲ್ಲೇ ಓಡಾಡಿದವನು ಪಟಾರಾ ನೋಡಿಲ್ಲವಂತೆ. ಲಂಗರು ಹಾಕಲಾಗದ ಊರಿನಲ್ಲಿ ತನಗೇನು ಕೆಲಸ ಎಂದ. ಹೋಜಾಗಳು ಎರಡು ಗಂಟೆಯೊಳಗೆ ವಾಪಸು ಬರಬೇಕು, ಆಮೇಲೆ ಮೆಲ್ತೆಮ್ ಏಳುತ್ತದೆ ಎಂದೂ ಸೇರಿಸಿದ. ನಾವು ಬಂದಾಗ ಮೂರೂವರೆ. ಆ ರಾತ್ರಿಯೂ ಕಾಲ್ಕಾನ್‌ನಲ್ಲೇ.