ಕೊಂಡ ಯಂತ್ರ, ಕಟ್ಟಿದ ಯಂತ್ರ

“ಅಂಗಡಿಯಲ್ಲಿ ಇದಕ್ಕಿಂತ ಚೆನ್ನಾದದ್ದು ಸಿಗುವಾಗ, ಈ ವಯಸ್ಸಿನಲ್ಲಿ ಬೆಸುಗೆ ಹಾಕುತ್ತ ಕೂರುವುದೇಕೆ ಸಾರ್?” ವಿದ್ಯುನ್ಮಾನ ಕಾಗದದ ಪರದೆಯುಳ್ಳ ಪುಟ್ಟ ಗಣಕವೊಂದನ್ನು ನಾನು ಕೈಯಾರೆ ಕಟ್ಟುತ್ತಿರುವ ಸುದ್ದಿ ಹರಡಿದಂದಿನಿಂದ ಹಳೆಯ ವಿದ್ಯಾರ್ಥಿಗಳದ್ದು ಇದೊಂದೇ ಪ್ರಶ್ನೆ. ಬಂಧುಗಳದ್ದೂ ಇದೇ, ಮರ್ಯಾದೆ ಮಾತ್ರ ತುಸು ಕಡಿಮೆ. ಒಬ್ಬೊಬ್ಬರಿಗೂ ಉತ್ತರಿಸಿ ದಣಿದು ಇಲ್ಲಿ ಬರೆಯುತ್ತಿದ್ದೇನೆ.

ಸಿಗುತ್ತದೆ, ನಿಜ. ಸೋನಿಯ ಲಿಬ್ರಿಯೆ 2004ರಲ್ಲಿ ಬಂತು, ಅಮೆಜಾನಿನ ಕಿಂಡಲ್ 2007ರಲ್ಲಿ. ಅವು ನನ್ನ ಯಂತ್ರಕ್ಕಿಂತ ಅಂದವಾಗಿವೆ, ಬಿಡಿಭಾಗಗಳ ಲೆಕ್ಕ ಹಾಕಿದರೆ ಬಹುಶಃ ಅಗ್ಗವೂ ಹೌದು. ಆದರೆ ಕೊಂಡ ಯಂತ್ರ ತನ್ನ ಹೊಟ್ಟೆಯೊಳಗೇನಿದೆ ಎಂಬುದನ್ನು ಬಿಟ್ಟುಕೊಡುವುದಿಲ್ಲ.

ಈ ಪರದೆಯ ತತ್ತ್ವ ಪ್ರೌಢಶಾಲೆಯ ಭೌತಶಾಸ್ತ್ರವೇ. ಸೂಕ್ಷ್ಮ ಗುಳಿಗೆಗಳೊಳಗೆ ಕಪ್ಪು ಮತ್ತು ಬಿಳಿಯ ಕಣಗಳು ವಿರುದ್ಧ ವಿದ್ಯುದಾವೇಶ ಹೊತ್ತು ತೇಲುತ್ತಿರುತ್ತವೆ. ವಿದ್ಯುತ್ ಕ್ಷೇತ್ರದ ದಿಕ್ಕನ್ನು ಬದಲಿಸಿದರೆ ಒಂದು ಬಣ್ಣ ಮೇಲೇರುತ್ತದೆ, ಇನ್ನೊಂದು ತಳ ಸೇರುತ್ತದೆ. ವಿದ್ಯುತ್ತನ್ನು ಕಡಿದರೂ ಅವು ಇದ್ದಲ್ಲೇ ನಿಲ್ಲುತ್ತವೆ. ಬ್ಯಾಟರಿ ಕಿತ್ತ ಮೇಲೂ ಅಕ್ಷರ ಉಳಿಯುವುದನ್ನು ಕಂಡ ಮಗುವಿಗೆ ಸ್ಥಿರವಿದ್ಯುತ್ತಿನ ಪಾಠವನ್ನು ಎರಡನೆಯ ಸಲ ಹೇಳಬೇಕಾಗುವುದಿಲ್ಲ. ನನ್ನ 4.2 ಇಂಚಿನ ಪರದೆಯಲ್ಲಿರುವುದು 400 ಅಡ್ಡ, 300 ಉದ್ದ, ಅಂದರೆ 1,20,000 ಚುಕ್ಕೆಗಳು. ಚುಕ್ಕೆಗೊಂದು ಬಿಟ್‌ನಂತೆ ಇಡೀ ಪುಟಕ್ಕೆ 15,000 ಬೈಟ್. 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೋದಲ್ಲಿ 264 ಕಿಲೋಬೈಟ್ ಸ್ಮೃತಿಯಿದೆ, ಧಾರಾಳವಾಯಿತು.

ಆದರೆ ನನ್ನ ಹಟಕ್ಕೆ ನಿಜವಾದ ಕಾರಣ ಕನ್ನಡ. ಇಂಥ ಪುಟ್ಟ ಚಿಪ್ಪುಗಳಿಗಾಗಿ ಸಿದ್ಧವಾಗಿ ದೊರೆಯುವ ಅಕ್ಷರ ಮೂಡಿಸುವ ತಂತ್ರಾಂಶಗಳಲ್ಲಿ ಹೆಚ್ಚಿನವು ಒಂದು ಸಂಕೇತಕ್ಕೆ ಒಂದು ಚಿತ್ರ ಎಂದು ನಂಬಿ ನಡೆಯುತ್ತವೆ. ಇಂಗ್ಲಿಷಿಗೆ ಅಷ್ಟು ಸಾಕು. ‘ಸೂರ್ಯ’ ಎಂದು ಬರೆಯಿರಿ: ಯುನಿಕೋಡಿನಲ್ಲಿ ರಕಾರ ಮೊದಲು, ಯಕಾರ ಆಮೇಲೆ, ಕಾಗದದ ಮೇಲೆ ಯಕಾರ ಮುಂದೆ ಬಂದು ಅರ್ಕಾವತ್ತು ಅದರ ಬಲಕ್ಕೆ ನಿಲ್ಲಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತಗಳು. ಕೊನೆಗೆ ಬರುವ ಈಕಾರ ಹಿಂದಕ್ಕೆ ನಡೆದು ಸಕಾರವನ್ನು ಕೂಡಿಕೊಳ್ಳಬೇಕು. ಆ ತಂತ್ರಾಂಶಗಳು ಇವನ್ನೆಲ್ಲ ಸಂತೆಗೆ ಹೊರಟ ಕುರಿಗಳಂತೆ ಸಾಲಾಗಿ ನಿಲ್ಲಿಸಿಬಿಡುತ್ತವೆ. ಮೊಬೈಲಿನಲ್ಲಿ ಈ ಜೋಡಣೆಯನ್ನು ಬೇರೊಂದು ತಂತ್ರಾಂಶ ನಿಮಗೆ ತಿಳಿಯದಂತೆ ಮಾಡಿಕೊಡುತ್ತದೆ. ತಿಳಿಯದಂತೆ ಎಂಬುದೇ ನನ್ನ ತಕರಾರು.

ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ಶಿಷ್ಯನೊಬ್ಬ ಸುಲಭೋಪಾಯ ಹೇಳಿದ: ದೊಡ್ಡ ಗಣಕದಲ್ಲಿ ಪುಟವನ್ನು ಚಿತ್ರವಾಗಿಸಿ ಇದಕ್ಕೆ ಕಳುಹಿಸಿದರಾಯಿತು. ಆಗುತ್ತದಪ್ಪ. ಆದರೆ ಆಗ ನನ್ನ ಯಂತ್ರ ಬರೆಯಬಲ್ಲ ಯಂತ್ರವಲ್ಲ, ಬಂದದ್ದನ್ನು ತೋರಿಸುವ ಅಂಚೆಪೆಟ್ಟಿಗೆ. ಒತ್ತಕ್ಷರದ ನಿಯಮಗಳನ್ನು ನಾನು ಕಾಗುಣಿತದ ಮಗ್ಗಿಯಂತೆ ಪಟ್ಟಿ ಮಾಡಿ, ಒಂದೊಂದನ್ನೂ ಚೌಕಳಿ ಹಾಳೆಯ ಮೇಲೆ ಚುಕ್ಕೆಯಿಟ್ಟು ಬಿಡಿಸಿ ಒಳಸೇರಿಸುತ್ತಿದ್ದೇನೆ.

ವಿಜ್ಞಾನ ಪ್ರದರ್ಶನಗಳಿಗೆ ತೀರ್ಪುಗಾರನಾಗಿ ಕರೆದಲ್ಲೆಲ್ಲ ನಾನು ಕಂಡದ್ದನ್ನು ಹೇಳಿಬಿಡುತ್ತೇನೆ. ಮಾದರಿಗಳು ಅಂಗಡಿಯಿಂದ ಬರುತ್ತವೆ, ವಿವರಣೆಯನ್ನು ಮಕ್ಕಳು ಬಾಯಿಪಾಠ ಮಾಡಿರುತ್ತಾರೆ. ಒಂದು ತಂತಿ ಕಳಚಿ “ಈಗೇನಾಗುತ್ತದೆ?” ಎಂದರೆ ಮಗು ಅಪ್ಪನ ಮುಖ ನೋಡುತ್ತದೆ. ದುಡ್ಡು ಕೊಟ್ಟದ್ದು ಅಪ್ಪ ತಾನೆ! ಅಂಕಗಳ ಒತ್ತಡವೆನ್ನುವವರಿಗೆ ನನ್ನ ಬಳಿ ಉತ್ತರವಿದೆ: ಈ ಕೆಲಸದಲ್ಲಿ ಗಣಿತ, ಭೌತಶಾಸ್ತ್ರ, ಕನ್ನಡ ವ್ಯಾಕರಣ ಮೂರೂ ಇವೆ, ಅಂಕಗಳು ಇರುವುದೂ ಅವುಗಳಿಗೇ. ಖರ್ಚಿನ ಮಾತಾಡುವವರನ್ನು ಮಾತ್ರ ಗದರಿಸಲಾರೆ. ಪರದೆ ಗಾಜಿನದು, ಅದರ ಪಟ್ಟಿತಂತಿ ಬೇಗ ಹರಿಯುತ್ತದೆ. ಮಗುವಿಗೊಂದು ಬೇಡ, ಶಾಲೆಗೊಂದು ಇರಲಿ.

ಸದ್ಯ ‘ಸೂರ್ಯ’ ಸರಿಯಾಗಿ ಮೂಡುತ್ತಿದ್ದಾನೆ. ‘ರಾಷ್ಟ್ರ’ದ ಎರಡು ಒತ್ತುಗಳು ಇನ್ನೂ ಒಂದರ ಮೇಲೊಂದು ಬೀಳುತ್ತಿವೆ. ಊರಿಗೆ ಬಂದವರು ಚೌಕಳಿ ಪುಸ್ತಕವೊಂದನ್ನು ತಂದರೆ ಉಪಕಾರ. ನನ್ನದು ಮುಗಿಯುತ್ತ ಬಂದಿದೆ.