ಮೊದಲು ಟೈರು ಹಾಕಿಸಿ, ಆಮೇಲೆ ಸೈಲೆನ್ಸರ್ ಮಾತಾಡೋಣ

‘ಚಾಲಕನ ನಿಯಂತ್ರಣ ತಪ್ಪಿ ವಾಹನ ಪಲ್ಟಿ.’

ಈ ಸಾಲನ್ನು ನಾವು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಟ್ಟಿಲ್ಲ. ನಿಯಂತ್ರಣ ಯಾಕೆ ತಪ್ಪಿತು ಅಂತ ನಾವು ಬರೆಯಲಿಲ್ಲ, ಡೆಸ್ಕಿನವರು ಕೇಳಲಿಲ್ಲ, ಓದುವವರೂ ಕೇಳಲಿಲ್ಲ. ನಾಲ್ಕು ಸಾಲು, ಒಂದು ಫೋಟೊ, ಮುಗಿಯಿತು.

ಕಳೆದ ಮಾಗಿಯಲ್ಲಿ ಅಂಥದ್ದೇ ಸುದ್ದಿಗೆ ಹೋಗಿದ್ದೆವು. ಬೆಳಗಿನ ಆರೂವರೆ, ನಾಲೆ ಏರಿ ಮೇಲಿನ ರಸ್ತೆ, ಮಂಜು. ಕಬ್ಬಿನ ಟ್ರ್ಯಾಕ್ಟರುಗಳು ಗದ್ದೆಯಿಂದ ಎಳೆದು ತಂದ ಮಣ್ಣು ಟಾರಿನ ಮೇಲೆ ಮೆತ್ತಿಕೊಂಡು, ರಾತ್ರಿಯ ಇಬ್ಬನಿಗೆ ನೆನೆದು, ಸೋಪಿನ ಹಾಗೆ ಆಗಿತ್ತು. ಅದರ ಮೇಲೆ ಒಂದು ಹಳೆ ಓಮ್ನಿ ಗಿರಕಿ ಹೊಡೆದು ಕಲ್ಲಿಗೆ ಗುದ್ದಿ ನಿಂತಿತ್ತು. ಆ ಕಲ್ಲು ಇರದಿದ್ದರೆ ನೇರ ನಾಲೆಗೆ. ಮಾರುಕಟ್ಟೆಗೆ ಹೂ ಇಳಿಸಿ ಖಾಲಿ ಗಾಡಿಯಲ್ಲಿ ವಾಪಸ್ ಬರುತ್ತಿದ್ದ ಹುಡುಗನ ಕಾಲು ಮುರಿದಿತ್ತು. ಇಪ್ಪತ್ತೆರಡು ವರ್ಷ.

ಗಾಡಿ ನೋಡಿದೆವು. ಸೈಲೆನ್ಸರ್ ಕತ್ತರಿಸಿ ಬೇರೆ ಹಾಕಿಸಿದ್ದ. ಸ್ಪ್ರಿಂಗ್ ಕತ್ತರಿಸಿ ಗಾಡಿಯನ್ನು ನೆಲಕ್ಕೆ ಕೂರಿಸಿದ್ದ. ನೀಲಿ ಲೈಟು, ಅಗಲದ ಅಲಾಯ್ ವೀಲು. ಆ ವೀಲಿಗೆ ಹಾಕಿದ್ದು ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಟೈರು. ಹಿಂದಿನ ಎರಡೂ ಬೋಳು. ಬೆರಳಾಡಿಸಿದರೆ ಗೆರೆಯೇ ಸಿಗುತ್ತಿರಲಿಲ್ಲ.

‘ಹೋದ ತಿಂಗಳಷ್ಟೇ ನಲವತ್ತು ಸಾವಿರ ಸುರಿದಿದ್ದ ಸಾರ್ ಈ ಗಾಡಿಗೆ’ ಅಂದರು ಅವರಪ್ಪ. ಆ ನಲವತ್ತು ಸಾವಿರದಲ್ಲಿ ಹೊಸ ಟೈರಿಗೆ ಹೋದದ್ದು ಸೊನ್ನೆ.

ಆಸ್ಪತ್ರೆಯಲ್ಲಿ ಹುಡುಗ ಫೋನು ತೋರಿಸಿದ. ಬೆಳ್ಳಗಿನ ಹಿಮದ ಮೇಲೆ ಒಂದು ಸ್ಪೋರ್ಟ್ಸ್ ಕಾರು ಅಡ್ಡಡ್ಡ ಜಾರುತ್ತಾ ಹೋಗುವ ರೀಲು. ‘ಅವ್ರು ಹಿಮದ ಮೇಲೇ ಓಡಿಸ್ತಾರಲ್ಲಣ್ಣ, ನಾವು ಟಾರ್ ರೋಡಲ್ಲಿ ಓಡಿಸಕ್ಕಾಗಲ್ವಾ ಅಂದ್ಕೊಂಡೆ’ ಅಂದ.

ಈ ಮಾತಿಗೆ ಉತ್ತರ ಕೊಡಲೇಬೇಕು. ಯಾಕೆಂದರೆ ಇದು ಅವನೊಬ್ಬನ ಮಾತಲ್ಲ. ಅರಳಿಕಟ್ಟೆಯ ಮೇಲೆ ಕೂತು ಇಂಥ ರೀಲು ನೋಡುವ ಹುಡುಗರು ಪ್ರತಿ ಊರಲ್ಲೂ ಇದ್ದಾರೆ.

ಮೊದಲ ವಿಷಯ. ಆ ರೀಲಿನ ಕಾರಿಗೂ ನಮ್ಮ ಓಮ್ನಿಗೂ ಒಂದು ಸಂಬಂಧ ನಿಜಕ್ಕೂ ಇದೆ. ಎರಡರಲ್ಲೂ ಎಂಜಿನ್ನಿನ ಶಕ್ತಿ ಹೋಗುವುದು ಹಿಂದಿನ ಚಕ್ರಕ್ಕೆ. ಮಜ್ದಾ ಎಂಎಕ್ಸ್-5, ಟೊಯೋಟಾ 86 ಥರದ ಸ್ಪೋರ್ಟ್ಸ್ ಕಾರುಗಳು ಹಾಗೆ. ನಮ್ಮ ಓಮ್ನಿ, ಈಕೊ, ಬೊಲೆರೊ, ಟಾಟಾ ಏಸ್ ಕೂಡ ಹಾಗೇ. ಮುಂದಿನ ಚಕ್ರಕ್ಕೆ ಶಕ್ತಿ ಹೋದರೆ ಗಾಡಿಯನ್ನು ಎಳೆದ ಹಾಗೆ. ಹಿಂದಿನದಕ್ಕೆ ಹೋದರೆ ತಳ್ಳಿದ ಹಾಗೆ. ತಳ್ಳುವವನ ಕಾಲು ತಿರುವಿನಲ್ಲಿ ಜಾರಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸುತ್ತದೆ. ಹಿಂದೆ ಲೋಡ್ ಇಲ್ಲದಿದ್ದರೆ ಚಕ್ರದ ಮೇಲೆ ಭಾರವೂ ಇಲ್ಲ, ಹಿಡಿತವೂ ಇಲ್ಲ. ಖಾಲಿ ಓಮ್ನಿ, ಖಾಲಿ ಪಿಕಪ್ಪು ಕೆಸರಲ್ಲಿ ಬಾಲ ಆಡಿಸುವುದು ಇದಕ್ಕೇ.

ಹಿಮದ ದೇಶದವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಅಲ್ಲಿ ಸ್ಪೋರ್ಟ್ಸ್ ಕಾರು ಇಟ್ಟುಕೊಂಡು ಚಳಿಗಾಲ ಪೂರ್ತಿ ಓಡಿಸುವವನು ಮಾಡಿಸುವ ಮೊದಲ ಮಾಡಿಫಿಕೇಶನ್ ಸೈಲೆನ್ಸರ್ ಅಲ್ಲ. ಟೈರು. ಚಳಿ 7 ಡಿಗ್ರಿಗಿಂತ ಕೆಳಗಿಳಿದರೆ ಬೇಸಿಗೆ ಟೈರಿನ ರಬ್ಬರ್ ಗಡುಸಾಗುತ್ತದೆ, ರಸ್ತೆ ಹಿಡಿಯುವುದಿಲ್ಲ. ಚಳಿಗಾಲದ ಟೈರಿನ ರಬ್ಬರೇ ಬೇರೆ, ಆ ಚಳಿಯಲ್ಲೂ ಮೆತ್ತಗಿರುತ್ತದೆ. ಮೈತುಂಬ ಸಣ್ಣ ಸಣ್ಣ ಸೀಳು ಇರುತ್ತದೆ.

ಇನ್ನೊಂದು ಕೇಳಿ. ಹಿಮ ಬಿದ್ದಾಗ ಅವರು ಅಗಲದ ಟೈರು ಹಾಕುವುದಿಲ್ಲ. ಬೇಸಿಗೆಯಲ್ಲಿ ಹಾಕಿದ್ದ ದೊಡ್ಡ ವೀಲು ಬಿಚ್ಚಿಟ್ಟು, ಒಂದು ಸೈಜು ಚಿಕ್ಕ ವೀಲಿಗೆ ಕಿರಿದಾದ ಟೈರು ಹಾಕುತ್ತಾರೆ. ಕಿರಿದು ಟೈರು ಹಿಮ ಸೀಳಿ ಕೆಳಗಿನ ನೆಲ ಮುಟ್ಟುತ್ತದೆ; ಅಗಲದ್ದು ಮೇಲೇ ತೇಲುತ್ತದೆ. ನಮ್ಮ ಹುಡುಗರು ಮಾಡುವುದಕ್ಕೆ ಪೂರಾ ಉಲ್ಟಾ!

ಕಾರಿನ ಹಿಂದೆ ಮರಳಿನ ಮೂಟೆ ಇಟ್ಟುಕೊಳ್ಳುವವರೂ ಇದ್ದಾರೆ, ಹಿಂದಿನ ಚಕ್ರಕ್ಕೆ ಭಾರ ಬೀಳಲಿ ಅಂತ. ದುಡ್ಡಿದ್ದವರು ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸುತ್ತಾರೆ. ಟ್ರ್ಯಾಕ್ಟರು ಹೂತುಕೊಂಡಾಗ ಡಿಫರೆನ್ಷಿಯಲ್ ಲಾಕ್ ಪೆಡಲ್ ಒತ್ತುತ್ತೀರಲ್ಲ, ಹೆಚ್ಚೂ ಕಮ್ಮಿ ಅದರ ತಮ್ಮ ಅದು. ಇಷ್ಟಾದರೂ ಭಯವಿದ್ದವರು ಚಳಿಗಾಲ ಮುಗಿಯುವ ತನಕ ಕಾರನ್ನು ಶೆಡ್ಡಿನಲ್ಲೇ ಬಿಡುತ್ತಾರೆ.

ಸರ್ಕಾರವೂ ಸುಮ್ಮನೆ ಬಿಟ್ಟಿಲ್ಲ. ಸ್ವೀಡನ್ನಿನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 31ರ ತನಕ ರಸ್ತೆಯಲ್ಲಿ ಹಿಮವೋ ಐಸೋ ಇದ್ದರೆ ಕಾರಿಗೆ ಚಳಿಗಾಲದ ಟೈರು ಕಡ್ಡಾಯ, ಗೆರೆಯ ಆಳ ಕನಿಷ್ಠ 3 ಮಿಲಿಮೀಟರ್ ಇರಬೇಕು. ಕೆನಡಾದ ಕ್ವಿಬೆಕ್‌ನಲ್ಲಿ 2008ರಿಂದ ಇಂಥ ಕಾನೂನಿದೆ. ರೀಲಿನಲ್ಲಿ ಇದ್ಯಾವುದೂ ಕಾಣುವುದಿಲ್ಲ. ಅಂಥ ಜಾರಾಟ ಕಲಿಯಲು ಹೆಪ್ಪುಗಟ್ಟಿದ ಕೆರೆಯ ಮೇಲೆ, ಎದುರಿಗೆ ಯಾರೂ ಬಾರದ ಜಾಗದಲ್ಲಿ, ಮೊಳೆ ಟೈರು ಹಾಕಿ ತರಬೇತಿ ಕೊಡುತ್ತಾರೆ ಅನ್ನುವುದನ್ನೂ ಅದು ಹೇಳುವುದಿಲ್ಲ. ನಾಲೆ ಏರಿ ಮೇಲೆ ಹಾಲಿನ ಕ್ಯಾನು ಹಿಡಿದು ಅಜ್ಜಿ ಬರುತ್ತಿರುತ್ತಾರೆ.

ಜಾರಾಟದ ಹುಚ್ಚಿಗೆ ಜಗತ್ತಿನಲ್ಲಿ ಹೆಸರಾದ ಕಥೆ ಜಪಾನಿನ ‘ಇನಿಷಿಯಲ್ ಡಿ’. 1995ರಲ್ಲಿ ಶುರುವಾದ ಚಿತ್ರಕಥೆ. ಅದರ ನಾಯಕ ಯಾರು ಗೊತ್ತೆ? ಅಪ್ಪನ ಅಂಗಡಿಯ ತೋಫುವನ್ನು, ಅಂದರೆ ಸೋಯಾ ಹಾಲಿನ ಪನೀರನ್ನು, ನಸುಕಿನಲ್ಲಿ ಬೆಟ್ಟದ ರಸ್ತೆಯಲ್ಲಿ ಸಾಗಿಸುವ ಹುಡುಗ. ನಮ್ಮ ಹೂವಿನ ಹುಡುಗನ ಹಾಗೇ. ಗಾಡಿಯೂ ಹಿಂದಿನ ಚಕ್ರದ ಹಳೆ ಟೊಯೋಟಾ. ಅವನಪ್ಪ ಒಂದು ಲೋಟ ನೀರು ಕಾರಿನಲ್ಲಿಟ್ಟು ಕಳಿಸುತ್ತಾನೆ, ನೀರು ಚೆಲ್ಲಬಾರದು. ಅವನ ಕೈಚಳಕ ಬಂದದ್ದು ಅಲ್ಲಿಂದ. ನಮಗೆ ತಲುಪಿದ್ದು ಬರೀ ಹೊಗೆ ಮತ್ತು ಸದ್ದು. ನೀರಿನ ಲೋಟ ನಡುವೆ ಎಲ್ಲೋ ಬಿದ್ದುಹೋಯಿತು.

‘ಏನ್ ಸಾರ್, ಹುಡುಗರು ಒಂಚೂರು ಶೋಕಿ ಮಾಡಬಾರದಾ?’ ಅನ್ನುತ್ತೀರಿ. ಮಾಡಲಿ. ದುಡಿದ ದುಡ್ಡಲ್ಲಿ ಗಾಡಿ ಚೆಂದ ಮಾಡಿಕೊಂಡರೆ ನಮಗೇನು ಹೊಟ್ಟೆಯುರಿ? ನಮ್ಮ ಜಗಳ ಇರುವುದು ಶೋಕಿಯ ಜತೆಗಲ್ಲ, ಯಾವುದು ಮೊದಲು ಅನ್ನುವುದರ ಜತೆ. ‘ಬಡವರಿಗೆ ಹೊಸ ಟೈರು ಎಲ್ಲಿಂದ?’ ಅನ್ನುವವರಿಗೂ ಉತ್ತರ ಇದೆ. ಟೈರಿಗೆ ದುಡ್ಡಿಲ್ಲದವನ ಕಷ್ಟ ನಮಗೆ ಗೊತ್ತು. ಆದರೆ ನಲವತ್ತು ಸಾವಿರ ಸುರಿದವನು ಟೈರಿಗೆ ದುಡ್ಡಿಲ್ಲ ಅಂದರೆ ಒಪ್ಪಲಾರೆವು.

ಗ್ಯಾರೇಜಿನ ಅಣ್ಣಂದಿರೇ, ನಿಮಗೂ ಒಂದು ಮಾತು. ಬೋಳು ಟೈರಿನ ಗಾಡಿ ಬಂದಾಗ ಸ್ಪ್ರಿಂಗ್ ಕತ್ತರಿಸಿ ಕಳಿಸುವ ಬದಲು ‘ಮೊದಲು ಟೈರು ಹಾಕಿಸ್ಕೊಂಡು ಬಾ ತಮ್ಮಾ’ ಅನ್ನಲು ನಿಮಗೇನು ಕಷ್ಟ? ಸ್ಪ್ರಿಂಗ್ ಕತ್ತರಿಸಿದ ಗಾಡಿ ಹಳ್ಳಕ್ಕೆ ಬಿದ್ದು ಕುಪ್ಪಳಿಸಿದರೆ ಚಕ್ರ ನೆಲ ಬಿಡುತ್ತದೆ ಅಂತ ನಮಗಿಂತ ನಿಮಗೆ ಚೆನ್ನಾಗಿ ಗೊತ್ತು.

ಕಾನೂನು ಇಲ್ಲವೆಂದಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇದಕ್ಕೆ ಆರು ತಿಂಗಳ ತನಕ ಜೈಲು ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಇಟ್ಟಿದ್ದಾರೆ. ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಸವೆಯಬಾರದು ಅಂತಲೂ ನಿಯಮವಿದೆ. ಆದರೆ ರಸ್ತೆಯಲ್ಲಿ ಹೆಲ್ಮೆಟ್, ಇನ್ಶೂರೆನ್ಸ್ ಕೇಳುವವರು ಬಗ್ಗಿ ಟೈರು ನೋಡಿದ್ದನ್ನು ನಾವು ಕಂಡಿಲ್ಲ. ಎಫ್‌ಸಿ ದಿನ ಪಕ್ಕದವನ ಟೈರು ಸಾಲ ತಂದು ಹಾಕಿ, ಸಂಜೆ ಬಿಚ್ಚಿಕೊಡುವ ಆಟ ಯಾರಿಗೆ ಗೊತ್ತಿಲ್ಲ? ಕಬ್ಬು ಸಾಗಿಸುವವರು ರಸ್ತೆಗೆ ಬಿದ್ದ ಮಣ್ಣು ಎಳೆಯುವುದೂ ಇಲ್ಲ, ಟ್ರೈಲರಿನ ಹಿಂದೆ ಒಂದು ಕೆಂಪು ರಿಫ್ಲೆಕ್ಟರ್ ಅಂಟಿಸುವುದೂ ಇಲ್ಲ. ತಪ್ಪೆಲ್ಲ ಹುಡುಗನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳಲು ಇವರಿಗೆ ಬಿಡಬಾರದು.

ಯಾರಿಗೂ ಕಾಯದೆ ಇವತ್ತೇ ಮಾಡಬಹುದಾದದ್ದು ಇಷ್ಟು. ಟೈರಿನ ಪಕ್ಕದಲ್ಲಿ ‘ಟಿಡಬ್ಲ್ಯುಐ’ ಅಂತಲೋ ಸಣ್ಣ ತ್ರಿಕೋನವೋ ಇರುತ್ತದೆ. ಅದರ ನೇರಕ್ಕೆ ಗೆರೆಯ ಒಳಗೆ ಪುಟ್ಟ ದಿಬ್ಬ ಕಾಣುತ್ತದೆ. ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದಿದ್ದರೆ ಅದರ ಆಯಸ್ಸು ಮುಗಿಯಿತು. ಪಕ್ಕದಲ್ಲೇ ನಾಲ್ಕು ಅಂಕಿ ಇರುತ್ತದೆ. 2316 ಅಂತಿದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಟೈರು ಕೊಳ್ಳುವ ಮುಂಚೆ ಅದನ್ನು ಓದಿ. ಹೊಸದು ಎರಡೇ ಹಾಕಿಸಲು ಸಾಧ್ಯವಾದರೆ ಹಿಂದಕ್ಕೆ ಹಾಕಿಸಿ. ಖಾಲಿ ಬರುವಾಗ ನಿಧಾನಕ್ಕೆ ಬನ್ನಿ. ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿಯಿರಿ, ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಬೇಡಿ. ಹಿಮದ ಮೇಲೆ ಓಡಿಸುವವರು ಮಾಡುವುದೂ ಇದನ್ನೇ.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಆ ಓಮ್ನಿಯ ಸುದ್ದಿಯಲ್ಲೂ ನಾವು ಬರೆದು ಕಳಿಸಿದ್ದು ‘ಚಾಲಕನ ನಿಯಂತ್ರಣ ತಪ್ಪಿ’ ಅಂತಲೇ. ಟೈರಿನ ಫೋಟೊ ನಮ್ಮ ಫೋನಿನಲ್ಲೇ ಉಳಿಯಿತು. ಇನ್ನು ಮುಂದೆ ಅಪಘಾತದ ಜಾಗಕ್ಕೆ ಹೋದರೆ ಮೊದಲು ಟೈರು ನೋಡುತ್ತೇವೆ, ರಸ್ತೆ ನೋಡುತ್ತೇವೆ, ಕಂಡದ್ದನ್ನು ಬರೆಯುತ್ತೇವೆ. ಡೆಸ್ಕಿನವರು ಕತ್ತರಿಸಿದರೆ ಇಲ್ಲಿ ಹಾಕುತ್ತೇವೆ.

ಹುಡುಗ ಈಗ ಕೋಲು ಹಿಡಿದು ಓಡಾಡುತ್ತಿದ್ದಾನೆ. ಓಮ್ನಿ ರಿಪೇರಿಯಾಗಿದೆ. ಮೊನ್ನೆ ಅವರಪ್ಪ ಫೋನು ಮಾಡಿದ್ದರು. ‘ನಾಲ್ಕೂ ಹೊಸ ಟೈರು ಹಾಕಿಸಿದೆ ಸಾರ್. ಸೈಲೆನ್ಸರ್ ಹಂಗೇ ಇರ್ಲಿ ಅಂತ ಹಟ ಮಾಡ್ತಾವ್ನೆ.’

ಅದರ ಜಗಳ ಆಮೇಲೆ ಆಡೋಣ ಅಂದೆವು.