ಕೆಂಪೇಗೌಡರಿಗೂ ಪ್ರವೇಶವಿಲ್ಲ!

2022ರ ನವೆಂಬರ್ 11. ದೇವನಹಳ್ಳಿಯ ವಿಮಾನ ನಿಲ್ದಾಣದ ಅಂಗಳದಲ್ಲಿ ನಾಡಪ್ರಭು ಕೆಂಪೇಗೌಡರ 108 ಅಡಿ ಎತ್ತರದ ಪ್ರತಿಮೆ ಅನಾವರಣಗೊಂಡಿತು. ಪ್ರಧಾನಿಗಳೇ ಬಂದಿದ್ದರು. ಚಪ್ಪಾಳೆ ಬಿತ್ತು. ನಮಗೂ ಎದೆಯುಬ್ಬಿತು, ಸುಳ್ಳೇಕೆ ಹೇಳಬೇಕು? ಅದಾದ ಹತ್ತೇ ದಿನಕ್ಕೆ, ನವೆಂಬರ್ 21ರಿಂದ, ಸಂಯುಕ್ತ ಅರಬ್ ಎಮಿರೇಟ್ಸ್ ಒಂದು ಹೊಸ ನಿಯಮ ಜಾರಿಗೆ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾ ಇಲ್ಲ. ದುಬೈಗಾಗಲಿ ಅಬುಧಾಬಿಗಾಗಲಿ ಪ್ರವೇಶವೂ ಇಲ್ಲ!

ಸ್ವಲ್ಪ ಊಹಿಸಿಕೊಳ್ಳಿ. ಆ 108 ಅಡಿಯ ಪ್ರತಿಮೆ ಕೆಳಗಿಳಿದು, ಕತ್ತಿಯನ್ನು ಸೆಕ್ಯೂರಿಟಿಯವರ ಟ್ರೇನಲ್ಲಿಟ್ಟು, ದುಬೈ ವಿಮಾನದ ಕ್ಯೂನಲ್ಲಿ ನಿಂತಿದೆ. ಹೆಸರು? ಕೆಂಪೇಗೌಡ. ಸರ್‌ನೇಮ್? ಇಲ್ಲ. ಈ ಊರು ಕಟ್ಟಿದವನಪ್ಪಾ ನಾನು! ಅದೆಲ್ಲ ಬೇಡ ಸಾರ್, ಸರ್‌ನೇಮ್ ಕಾಲಂ ಖಾಲಿ ಇದೆ, ಪಕ್ಕಕ್ಕೆ ನಿಂತ್ಕೊಳ್ಳಿ.

ಆಮೇಲೆ ನಿಯಮ ಸಡಿಲಿಸಿದರು. ಪಾಸ್‌ಪೋರ್ಟಿನ ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಬಿಡುತ್ತೇವೆ ಎಂದರು. ಆದರೆ ಈ ಪ್ರಸಂಗ ನಮಗೆ ಒಂದು ಸತ್ಯ ತೋರಿಸಿಕೊಟ್ಟಿತು. ಜಗತ್ತಿನ ಬಾಗಿಲುಗಳಲ್ಲಿ ಇಟ್ಟಿರುವ ಅರ್ಜಿ ನಮೂನೆಗಳು ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವಲ್ಲ. ಅದು ಅವರ ಮನೆ, ಅವರ ಬಾಗಿಲು, ಇರಲಿ. ನಮ್ಮ ಪಾಸ್‌ಪೋರ್ಟ್ ಯಾರ ಮನೆಯದು?

ಹಳೇ ಮೈಸೂರಿನವರ ಹೆಸರನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ. ಇದರಲ್ಲಿ ಸರ್‌ನೇಮ್ ಯಾವುದು? ಕುಪ್ಪಳಿ ಊರು, ವೆಂಕಟಪ್ಪ ಅಪ್ಪ, ಪುಟ್ಟಪ್ಪ ಅವರದೇ ಹೆಸರು. ಸರ್‌ನೇಮ್ ಎಂಬುದು ಇಲ್ಲವೇ ಇಲ್ಲ! ಕಿತ್ತೂರು, ಹೊಸಮನಿ, ಪಾಟೀಲ, ಹಿರೇಮಠ ಎಂದು ಅಡ್ಡಹೆಸರಿರುವ ಉತ್ತರ ಕರ್ನಾಟಕದ ಅಣ್ಣಂದಿರು ಈ ವಿಷಯದಲ್ಲಿ ಪುಣ್ಯವಂತರು. ನಮ್ಮ ಕಡೆಯವರಿಗೆ ಇನಿಷಿಯಲ್ಲೇ ಗತಿ. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಬಿಡಿಸಿ ಬರೆದರೆ ಮಗನಿಗೆ ಅಪ್ಪನ ಹೆಸರೇ ಸರ್‌ನೇಮ್, ಅಪ್ಪನಿಗೆ ತಾತನ ಹೆಸರು, ಅಮ್ಮನಿಗೆ ಊರಿನ ಹೆಸರು. ಒಂದೇ ಮನೆಯ ಮೂರು ಜನಕ್ಕೆ ಮೂರು ಸರ್‌ನೇಮ್. ಪರದೇಶದ ಕೌಂಟರಿನಲ್ಲಿ ಇವರು ಒಂದೇ ಸಂಸಾರ ಎಂದು ನಂಬಿಸುವುದು ಅವರವರ ಅದೃಷ್ಟ.

ಬಿಡಿಸಿ ಬರೆಯದೆ ಒಂದೇ ಹೆಸರು ಇಟ್ಟುಕೊಂಡರೆ ಅಮೆರಿಕದವರು ಇನ್ನೊಂದು ಬಿರುದು ಕೊಡುತ್ತಾರೆ: ಎಫ್‌ಎನ್‌ಯು. ಫಸ್ಟ್ ನೇಮ್ ಅನ್‌ನೋನ್, ಅಂದರೆ ಮೊದಲ ಹೆಸರು ಗೊತ್ತಿಲ್ಲ. ಹೆತ್ತವರು ತೊಟ್ಟಿಲಲ್ಲಿಟ್ಟು ಕಿವಿಯಲ್ಲಿ ಕೂಗಿದ ಹೆಸರು ವೀಸಾದ ಮೇಲೆ 'ಗೊತ್ತಿಲ್ಲ' ಆಗಿಬಿಡುತ್ತದೆ. ಇನ್ನು ಕಾಗುಣಿತದ ಕಥೆ ಬೇರೆ. ಲಕ್ಷ್ಮಮ್ಮನ 'ಕ್ಷ'ಕ್ಕೆ ಆಧಾರ್‌ನಲ್ಲಿ ಎಕ್ಸ್, ಪಾಸ್‌ಪೋರ್ಟಿನಲ್ಲಿ ಕೆ-ಎಸ್-ಎಚ್, ವಿಮಾನದ ಟಿಕೆಟ್ಟಿನಲ್ಲಿ ಏಜೆಂಟನ ಮನಸ್ಸಿಗೆ ಬಂದದ್ದು. ಕನ್ನಡದಲ್ಲಿ ಬರೆದರೆ ಒಂದೇ ಲಕ್ಷ್ಮಮ್ಮ, ಇಂಗ್ಲಿಷಿನಲ್ಲಿ ಮೂವರು!

ಈಚೆಗೆ ಮಂಡ್ಯದ ಕಡೆಯ ವಯಸ್ಸಾದ ದಂಪತಿ ನಮ್ಮ ಕಚೇರಿಗೆ ಬಂದಿದ್ದರು. ಮಗಳು ಯೂರೋಪಿನ ಒಂದು ದೇಶದಲ್ಲಿ ಕೆಲಸದಲ್ಲಿದ್ದಾಳೆ. ಎರಡು ತಿಂಗಳು ಇದ್ದು, ಊರು ನೋಡಿ, ಮೊಮ್ಮಗುವನ್ನು ಎತ್ತಾಡಿಸಿ ಬರೋಣ ಎಂಬ ಆಸೆ. ಷೆಂಗೆನ್ ವೀಸಾ ಬೇಕು. 2024ರ ಜೂನ್‌ನಿಂದ ಅದರ ಶುಲ್ಕ ತಲೆಗೆ 90 ಯೂರೋ. ವೀಸಾ ಸಿಗದಿದ್ದರೂ ವಾಪಸು ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ಪಾಸ್‌ಪೋರ್ಟಿಗೆ ಹಿಂದಿರುಗುವ ದಿನದಿಂದಾಚೆಗೂ ಮೂರು ತಿಂಗಳು ಆಯಸ್ಸಿರಬೇಕು, ಎರಡು ಪುಟ ಖಾಲಿ ಇರಬೇಕು. ಬ್ಯಾಂಕಿನ ಲೆಕ್ಕ, ಟಿಕೆಟ್ಟಿನ ಕಾಗದ, ಉಳಿಯುವ ಜಾಗದ ಕಾಗದ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಅವಧಿ ಮುಗಿದ ಮೇಲೆ ವಾಪಸು ಬರುತ್ತೀರಿ ಎನ್ನುವುದಕ್ಕೆ ಸಾಕ್ಷಿ.

ಆ ಯಜಮಾನರ ಹತ್ತಿರ ಇದ್ದ ಸಾಕ್ಷಿ ಮೂರು ಎಕರೆ ಗದ್ದೆ. ಪಹಣಿ ಇತ್ತು, ಕಂದಾಯದ ರಸೀದಿ ಇತ್ತು. ಎಲ್ಲ ಕನ್ನಡದಲ್ಲಿ. ಏಜೆಂಟ್ ಮಹಾಶಯ 'ಇದು ಕನ್ನಡದಲ್ಲಿದೆ ಯಜಮಾನ್ರೇ, ಬೇಡ ಬಿಡಿ' ಎಂದು ಪಕ್ಕಕ್ಕಿಟ್ಟ. ತರ್ಜುಮೆ ಮಾಡಿಸಿ, ನೋಟರಿ ಹಾಕಿಸಿ ಲಗತ್ತಿಸಬಹುದಿತ್ತು. ಅದನ್ನು ಅವನು ಹೇಳಲಿಲ್ಲ, ತನ್ನ ಫೀಸು ಮಾತ್ರ ಎಣಿಸಿಕೊಂಡ. ಕೆಲವು ದಿನದ ಮೇಲೆ ನಿರಾಕರಣೆಯ ಪತ್ರ ಬಂತು. ಅದನ್ನು ಹಿಡಿದುಕೊಂಡೇ ನಮ್ಮಲ್ಲಿಗೆ ಬಂದಿದ್ದರು. 'ಏನಂತ ಬರ್ದವ್ರೆ ನೋಡಪ್ಪ' ಎಂದರು. ಅಚ್ಚಾದ ಕಾರಣಗಳ ಪಟ್ಟಿಯಲ್ಲಿ ಒಂದರ ಮುಂದೆ ಗುರುತು ಹಾಕಿತ್ತು: ವೀಸಾ ಮುಗಿಯುವುದರೊಳಗೆ ಅರ್ಜಿದಾರರು ದೇಶ ಬಿಟ್ಟು ಹೋಗುತ್ತಾರೆಂಬ ಬಗ್ಗೆ ಅನುಮಾನವಿದೆ. ಓದಿ ಹೇಳಿದೆವು. ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದು, 'ನಾಟಿ ಕಾಲಕ್ಕೆ ನಾನಿಲ್ದೆ ಆಯ್ತದಾ? ಗದ್ದೆ ಬುಟ್ಟು ನಾನ್ಯಾಕಪ್ಪ ಅಲ್ಲಿರ್ಲಿ?' ಎಂದರು. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಬ್ಯಾಂಕು ಕೊಡುತ್ತದೆ? ಆದರೆ ಅದು ಕನ್ನಡದಲ್ಲಿತ್ತು.

ತಪ್ಪು ಯಾರದು? ಯೂರೋಪಿನವರನ್ನು ಬೈದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅವರ ಕಾನೂನು ಓದಿದರೆ ಬೇರೆ ವಿಷಯ ಹೊರಬೀಳುತ್ತದೆ. 2009ರಲ್ಲಿ ಮಾಡಿಕೊಂಡ ಅವರ ವೀಸಾ ಸಂಹಿತೆಯ 11ನೆಯ ಕಲಮಿನ ಪ್ರಕಾರ, ಅರ್ಜಿ ನಮೂನೆ ಅರ್ಜಿ ಪಡೆಯುವ ದೇಶದ ಆಡಳಿತ ಭಾಷೆಯಲ್ಲೂ ಸಿಗಬೇಕು. ಇಲ್ಲದಿದ್ದರೆ ಅದರ ಅನುವಾದವನ್ನಾದರೂ ಬೇರೆಯಾಗಿ ಒದಗಿಸಬೇಕು. ಹಾಗಾದರೆ ಭಾರತದ ಆಡಳಿತ ಭಾಷೆ ಯಾವುದು ಎಂದು ಅವರು ಯಾರನ್ನು ಕೇಳಬೇಕು? ದಿಲ್ಲಿಯನ್ನು. ದಿಲ್ಲಿ ಸಂವಿಧಾನದ 343ನೆಯ ವಿಧಿ ತೋರಿಸುತ್ತದೆ: ಹಿಂದಿ. 1963ರ ಕಾಯ್ದೆ ತೋರಿಸುತ್ತದೆ: ಜೊತೆಗೆ ಇಂಗ್ಲಿಷ್. ಕನ್ನಡ? ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಅದೂ ಒಂದು, ಗೋಡೆಗೆ ತೂಗುಹಾಕಿ ಮಾಲೆ ಹಾಕಿದ ಫೋಟೋದ ಹಾಗೆ. ಪರದೇಶದ ಬಾಗಿಲಲ್ಲಿ ಕನ್ನಡ ಇಲ್ಲದಿರುವುದಕ್ಕೆ ಕಾರಣ ನಮ್ಮ ದೇಶದ ಬಾಗಿಲಲ್ಲೇ ಇದೆ!

ನಮ್ಮ ಪಾಸ್‌ಪೋರ್ಟನ್ನು ತೆರೆದು ನೋಡಿ. ಹಿಂದಿ ಮತ್ತು ಇಂಗ್ಲಿಷ್. ಜೇಬಿನಲ್ಲಿರುವ ಹತ್ತು ರೂಪಾಯಿ ನೋಟಿನಲ್ಲಿ ಕನ್ನಡಕ್ಕೆ ಒಂದು ಸಾಲಿನ ಜಾಗವಿದೆ. ಪಾಸ್‌ಪೋರ್ಟಿನಲ್ಲಿ ಅದೂ ಇಲ್ಲ. 2017ರ ಜೂನ್‌ನಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರು ಪಾಸ್‌ಪೋರ್ಟಿನ ವೈಯಕ್ತಿಕ ವಿವರಗಳು ಇಂಗ್ಲಿಷ್ ಜೊತೆಗೆ ಹಿಂದಿಯಲ್ಲೂ ಇರುತ್ತವೆ ಎಂದು ಪ್ರಕಟಿಸಿದರು. ಹಿಂದಿಗೆ ಜಾಗ ಹುಡುಕಿದವರಿಗೆ ಉಳಿದ ಭಾಷೆಗಳು ಕಣ್ಣಿಗೆ ಬೀಳಲಿಲ್ಲ. ಅಂತಾರಾಷ್ಟ್ರೀಯ ನಿಯಮ ಅಡ್ಡ ಬರುತ್ತದೆ ಎನ್ನುತ್ತೀರಾ? ಬರುವುದಿಲ್ಲ. ಯಂತ್ರ ಓದುವ ಆ ಎರಡು ಸಾಲು ರೋಮನ್ ಅಕ್ಷರದಲ್ಲೇ ಇರಬೇಕು, ಒಪ್ಪಿದೆವು. ಅದರ ಮೇಲೆ ದೇಶದ ಭಾಷೆಗಳನ್ನು ಹಾಕಲು ಯಾರ ಅಡ್ಡಿಯೂ ಇಲ್ಲ. ಪಕ್ಕದ ಶ್ರೀಲಂಕಾದ ಪಾಸ್‌ಪೋರ್ಟಿನಲ್ಲಿ ಸಿಂಹಳ, ತಮಿಳು, ಇಂಗ್ಲಿಷ್ ಮೂರೂ ಇವೆ. ಸ್ವಿಟ್ಜರ್ಲೆಂಡಿನದರಲ್ಲಿ ಐದು ಭಾಷೆ. ಅದರಲ್ಲಿ ರೋಮಾಂಶ್ ಭಾಷೆಯವರು ಆ ದೇಶದ ನೂರಕ್ಕೆ ಒಬ್ಬರೂ ಆಗುವುದಿಲ್ಲ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ! ಕರ್ನಾಟಕದಲ್ಲಿ ಕೊಡುವ ಪಾಸ್‌ಪೋರ್ಟಿನಲ್ಲಿ ಕನ್ನಡ ಇರಲಿ, ಕೊಲ್ಕತ್ತಾದಲ್ಲಿ ಕೊಡುವುದರಲ್ಲಿ ಬಂಗಾಳಿ ಇರಲಿ. ಇದು ದೇಶ ಒಡೆಯುವ ಮಾತಾದರೆ ಸ್ವಿಟ್ಜರ್ಲೆಂಡ್ ಎಂದೋ ಒಡೆದು ಹೋಗಬೇಕಿತ್ತು.

ದಿಲ್ಲಿಯನ್ನು ಬೈದದ್ದಾಯಿತು, ವಿಧಾನಸೌಧಕ್ಕೆ ಬರೋಣ. 2024ರ ತಿದ್ದುಪಡಿಯ ಪ್ರಕಾರ ಅಂಗಡಿ ಬೋರ್ಡಿನಲ್ಲಿ ಶೇಕಡ 60 ಕನ್ನಡ ಇರಬೇಕು. ಒಳ್ಳೆಯದು, ಅದಕ್ಕಾಗಿ ಬೀದಿಗಿಳಿದವರಲ್ಲಿ ನಾವೂ ಇದ್ದೇವೆ. ಆದರೆ ಬೆಂಗಳೂರಿನಲ್ಲಿ ವೀಸಾ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕೇಂದ್ರಗಳ ಒಳಗೆ ಹೋದವನಿಗೆ ಯಾವ ಕಾಗದ ತರಬೇಕು ಎಂಬ ಪಟ್ಟಿ ಕನ್ನಡದಲ್ಲಿ ಸಿಗುತ್ತದೆಯೇ ಎಂದು ಯಾವ ಮಂತ್ರಿಯಾದರೂ ವಿಚಾರಿಸಿದ್ದಾನೆಯೇ? ಪಹಣಿಯನ್ನು ಕಂಪ್ಯೂಟರಿಗೆ ಏರಿಸಿ ದೇಶಕ್ಕೆಲ್ಲ ಮಾದರಿ ಎನಿಸಿಕೊಂಡದ್ದು ನಮ್ಮ ಭೂಮಿ ಯೋಜನೆ. ಅದೇ ಕಂಪ್ಯೂಟರು ಕನ್ನಡ ಪಹಣಿಯ ಜೊತೆಗೆ, ಕೇಳಿದವರಿಗೆ, ಸರ್ಕಾರದ ಮೊಹರಿನ ಇಂಗ್ಲಿಷ್ ಪ್ರತಿಯನ್ನೂ ಕೊಡಲಿ. ಕನ್ನಡ ಪತ್ರಿಕೆ ಇಂಗ್ಲಿಷ್ ಕೇಳುತ್ತಿದೆಯಲ್ಲ ಎಂದು ನಗಬೇಡಿ. ತರ್ಜುಮೆಯ ಹೊರೆಯನ್ನು ಸರ್ಕಾರ ಹೊರಲಿ, ಮಂಡ್ಯದ ಮುದುಕ ಯಾಕೆ ಹೊರಬೇಕು?

ಅಮೆರಿಕದ ಕಥೆಯನ್ನೂ ಹೇಳಿಬಿಡೋಣ. ದಶಕಗಳ ಕಾಲ ಬೆಂಗಳೂರಿನವರು ಆ ವೀಸಾ ಸಂದರ್ಶನಕ್ಕಾಗಿ ರಾತ್ರಿ ರೈಲು ಹತ್ತಿ ಚೆನ್ನೈಗೆ ಹೋದರು. 2025ರ ಜನವರಿ 17ರಂದು ಬೆಂಗಳೂರಿನಲ್ಲೇ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತು, ಪಟಾಕಿ ಹೊಡೆಯುವಷ್ಟು ಸಂತೋಷವಾಯಿತು. ಆದರೆ ಆ ದಿನ ಅಲ್ಲಿ ವೀಸಾ ಕೌಂಟರ್ ಇರಲಿಲ್ಲ, ಅದು ಮುಂದಿನ ಮಾತು ಎಂದರು! ಅಲ್ಲಿನ ಕಾನೂನಿನ 214(ಬಿ) ಕಲಮು ಪ್ರವಾಸಿಯನ್ನು ಮೊದಲು ವಲಸೆಗಾರನೆಂದೇ ಭಾವಿಸುತ್ತದೆ. ಅಲ್ಲ ಎಂದು ಸಾಬೀತುಪಡಿಸುವ ಹೊಣೆ ನಮ್ಮದು, ಅದೂ ಕಿಟಕಿಯ ಮುಂದಿನ ಕೆಲವೇ ನಿಮಿಷಗಳಲ್ಲಿ. ಎದುರಿನವರ ಪ್ರಶ್ನೆ ಅರ್ಥವಾಗದೆ ತಡವರಿಸಿದವನು ಸುಳ್ಳುಗಾರನಂತೆ ಕಾಣುತ್ತಾನೆ.

ಇನ್ನು ನಮ್ಮ ಹುಡುಗರಿಗೆ ಒಂದು ಮಾತು. ನಿಮಗೆ ಇಂಗ್ಲಿಷ್ ಬರುತ್ತದೆ. ಮಲೇಷ್ಯಾ 2023ರ ಡಿಸೆಂಬರ್‌ನಲ್ಲಿ ಭಾರತೀಯರಿಗೆ ವೀಸಾ ಬೇಡ ಎಂದಿತು, ಥಾಯ್ಲೆಂಡ್ 2024ರ ಜುಲೈನಲ್ಲಿ 60 ದಿನ ಬಂದು ಹೋಗಿ ಎಂದಿತು, ನೀವು ಟಿಕೆಟ್ ಕೊಂಡಿರಿ. ಕೊಟ್ಟವರು ಯಾವಾಗ ಬೇಕಾದರೂ ಹಿಂದಕ್ಕೆ ತೆಗೆದುಕೊಳ್ಳುವ ರಿಯಾಯಿತಿ ಇದು. ಪ್ರತಿ ಸಲವೂ ಆಯಾ ದೇಶದ ಸರ್ಕಾರಿ ಪ್ರಕಟಣೆ ನೋಡಿಯೇ ಹೊರಡಿ. ವೀಸಾ ಬೇಡ ಎಂದರೆ ಕಾಗದವೇ ಬೇಡ ಎಂದಲ್ಲ. ಎರಡೂ ದೇಶಗಳು ಆಗಮನದ ವಿವರವನ್ನು ಮೂರು ದಿನದೊಳಗೆ ಮೊದಲೇ ಕಂಪ್ಯೂಟರಿನಲ್ಲಿ ತುಂಬಿಸಿಕೊಳ್ಳುತ್ತವೆ; ಥಾಯ್ಲೆಂಡಿನಲ್ಲಿ ಇದು 2025ರ ಮೇ 1ರಿಂದ ಕಡ್ಡಾಯ. ಎರಡೂ ಬಿಟ್ಟಿ. ಬಿಟ್ಟಿ ಅರ್ಜಿಗೆ ದುಡ್ಡು ಕೀಳುವ ನಕಲಿ ಅಂಗಡಿಗಳು ಬೇಕಾದಷ್ಟಿವೆ. ನೇಪಾಳ, ಭೂತಾನಕ್ಕಾದರೆ ಪಾಸ್‌ಪೋರ್ಟೂ ಬೇಡ, ಮತದಾರರ ಗುರುತಿನ ಚೀಟಿ ಸಾಕು. ಇದನ್ನು ನಿಮ್ಮ ಅಪ್ಪ-ಅಮ್ಮನಿಗೆ ಎಂದಾದರೂ ಹೇಳಿದ್ದೀರಾ?

ಮತ್ತೊಂದು ಎಚ್ಚರ. ಪ್ರವಾಸಿ ವೀಸಾದಲ್ಲಿ ಹೋಗು, ಅಲ್ಲಿ ಕೆಲಸ ಕೊಡಿಸುತ್ತೇನೆ ಎಂದವನನ್ನು ನಂಬಬೇಡಿ. ಥಾಯ್ಲೆಂಡಿನಲ್ಲಿ ಕೆಲಸ ಎಂದು ನಂಬಿಸಿ, ಮ್ಯಾನ್ಮಾರ್ ಗಡಿ ದಾಟಿಸಿ, ಸೈಬರ್ ವಂಚನೆಯ ಕೂಪಗಳಿಗೆ ತಳ್ಳುತ್ತಿದ್ದಾರೆ ಎಂದು 2022ರಲ್ಲೇ ವಿದೇಶಾಂಗ ಇಲಾಖೆ ಎಚ್ಚರಿಸಿತ್ತು. ಆ ಎಚ್ಚರಿಕೆಯನ್ನು ಕನ್ನಡದಲ್ಲಿ ಹಳ್ಳಿ ಹಳ್ಳಿಗೆ ಮುಟ್ಟಿಸಬೇಕಾದದ್ದು ಯಾರ ಕೆಲಸವಾಗಿತ್ತು?

ಗೊರೂರರ ಅಮೆರಿಕ ಪ್ರವಾಸ ಕಥನಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೋಗಿ ಬಂದದ್ದನ್ನು ಚಂದವಾಗಿ ಬರೆಯುವ ನಾವು ಹೋಗುವುದು ಹೇಗೆ ಎಂದು ಬರೆಯುವುದಕ್ಕೆ ಯಾಕೆ ಹಿಂಜರಿಯಬೇಕು? ಮುಂದಿನ ಸಂಚಿಕೆಯಿಂದ ಒಂದೊಂದು ದೇಶದ ವೀಸಾ ನಿಯಮವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕುತ್ತೇವೆ. ಪ್ರತಿ ಶನಿವಾರ ಸಂಜೆ ನಮ್ಮ ಹುಡುಗರು ಕಚೇರಿಯಲ್ಲಿ ಕೂತು ಅರ್ಜಿ ತುಂಬಿಕೊಡುತ್ತಾರೆ, ಪಹಣಿ ತರ್ಜುಮೆ ಮಾಡಿಕೊಡುತ್ತಾರೆ. ನೋಟರಿಗೆ ನಮ್ಮ ಬಳಗದ ವಕೀಲರಿದ್ದಾರೆ. ಇಂಗ್ಲಿಷ್ ಬಲ್ಲ ಕನ್ನಡದ ಹುಡುಗ ಹುಡುಗಿಯರು ಇನ್ನೂ ಹತ್ತು ಜನ ಬೇಕು. ಮಂಡ್ಯದ ಯಜಮಾನರು ಮತ್ತೆ ಅರ್ಜಿ ಹಾಕುತ್ತಿದ್ದಾರೆ. ಈ ಸಲ ಪಹಣಿ ಎಲ್ಲಕ್ಕಿಂತ ಮೇಲಿನ ಕಾಗದ. ಬರುವವರು ಹಳೆಯ ಪಾಸ್‌ಪೋರ್ಟ್, ಆಧಾರ್, ಮಾರ್ಕ್ಸ್ ಕಾರ್ಡ್ ಮೂರನ್ನೂ ತನ್ನಿ, ಮೊದಲು ಹೆಸರಿನ ಕಾಗುಣಿತ ತಾಳೆ ನೋಡೋಣ. ದುಡ್ಡು ತರಬೇಡಿ.